ಬಂದೂಕು ಮಾರಾಟದಲ್ಲಿ ಹಿನ್ನೆಲೆ ಪರಿಶೀಲನೆ: ಅಮೆರಿಕದ ಒಕ್ಕೂಟ ಕಾನೂನಿನ ಇತಿಹಾಸ

ಬಂದೂಕು ಕೊಳ್ಳಲು ಬಂದ ವ್ಯಕ್ತಿ ಕಾನೂನಿನ ಪ್ರಕಾರ ಆಯುಧ ಹೊಂದಲು ಅರ್ಹನೇ ಎಂಬುದನ್ನು, ಆಯುಧ ಅವನ ಕೈಸೇರುವ ಮೊದಲೇ ಸರ್ಕಾರಿ ದಾಖಲೆಗಳಿಂದ ಖಚಿತಪಡಿಸಿಕೊಳ್ಳುವ ಕ್ರಮಕ್ಕೆ ಹಿನ್ನೆಲೆ ಪರಿಶೀಲನೆ ಎಂದು ಹೆಸರು. ಅಮೆರಿಕ ಸಂಯುಕ್ತ ಸಂಸ್ಥಾನದ ಒಕ್ಕೂಟ ಕಾನೂನು ಈ ಹೊಣೆಯನ್ನು ಪರವಾನಗಿ ಪಡೆದ ವ್ಯಾಪಾರಿಗಳಿಗೆ ಮಾತ್ರ ವಹಿಸಿದ್ದು, ತನ್ನದೇ ರಾಜ್ಯದ ಇನ್ನೊಬ್ಬನಿಗೆ ಸ್ವಂತ ಬಂದೂಕು ಮಾರುವ ಖಾಸಗಿ ವ್ಯಕ್ತಿಯನ್ನು ಅದರಿಂದ ಹೊರಗಿಟ್ಟಿದೆ. ಹೀಗಾಗಿ ಯಾರನ್ನು ವ್ಯಾಪಾರಿ ಎಂದು ಎಣಿಸಬೇಕು, ಪರಿಶೀಲನೆಯ ಉತ್ತರಕ್ಕೆ ಎಷ್ಟು ದಿನ ಕಾಯಬೇಕು, ಅದರ ದಾಖಲೆ ಎಷ್ಟು ಕಾಲ ಉಳಿಯಬೇಕು ಎಂಬ ಮೂರು ಪ್ರಶ್ನೆಗಳ ಸುತ್ತಲೇ ಮೂರು ದಶಕಗಳ ವಿವಾದ ಬೆಳೆದುಬಂದಿದೆ.

ಆರಂಭದ ಕಾನೂನುಗಳು

1934ರ ರಾಷ್ಟ್ರೀಯ ಬಂದೂಕು ಕಾಯಿದೆ ಮಷಿನ್‌ಗನ್‌ನಂಥ ಕೆಲವು ಆಯುಧಗಳಿಗೆ 200 ಡಾಲರ್ ತೆರಿಗೆಯನ್ನೂ ನೋಂದಣಿಯನ್ನೂ ವಿಧಿಸಿತು. 1938ರ ಕಾಯಿದೆ ವ್ಯಾಪಾರಿಗಳಿಗೆ ಒಕ್ಕೂಟದ ಪರವಾನಗಿಯನ್ನು ಕಡ್ಡಾಯಗೊಳಿಸಿ, ಹಿಂಸಾಪರಾಧಗಳಲ್ಲಿ ಶಿಕ್ಷೆಗೊಳಗಾದವರಿಗೆ ತಿಳಿದೂ ತಿಳಿದೂ ಆಯುಧ ಮಾರುವುದನ್ನು ನಿಷೇಧಿಸಿತು. 1963ರಲ್ಲಿ ಅಧ್ಯಕ್ಷ ಜಾನ್ ಎಫ್. ಕೆನಡಿ ಅಂಚೆಯಲ್ಲಿ ತರಿಸಿದ ರೈಫಲ್ಲಿನ ಗುಂಡಿಗೆ ಬಲಿಯಾದರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಅವರ ಹತ್ಯೆಗಳು ನಡೆದವು. ಅದೇ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಬಂದೂಕು ನಿಯಂತ್ರಣ ಕಾಯಿದೆಯು ರಾಜ್ಯದಿಂದ ರಾಜ್ಯಕ್ಕೆ ಅಂಚೆ ಮೂಲಕ ನಡೆಯುತ್ತಿದ್ದ ಮಾರಾಟವನ್ನು ತಡೆದು, ಗಂಭೀರ ಅಪರಾಧಿಗಳು, ತಲೆಮರೆಸಿಕೊಂಡವರು, ಮಾದಕವಸ್ತು ವ್ಯಸನಿಗಳು, ಮಾನಸಿಕ ಅಸ್ವಸ್ಥತೆಯ ಕಾರಣಕ್ಕೆ ಅಧಿಕೃತ ಆದೇಶಕ್ಕೆ ಒಳಗಾದವರು ಮುಂತಾದ ನಿಷೇಧಿತ ವರ್ಗಗಳನ್ನು ಗುರುತಿಸಿತು. ಆದರೆ ತಾನು ಈ ವರ್ಗಗಳಿಗೆ ಸೇರಿಲ್ಲವೆಂದು ಕೊಳ್ಳುವವನು ನಮೂನೆಯೊಂದರಲ್ಲಿ ಬರೆದುಕೊಟ್ಟರೆ ಸಾಕಾಗಿತ್ತು. ಆ ಮಾತು ನಿಜವೇ ಎಂದು ಪರೀಕ್ಷಿಸುವ ವ್ಯವಸ್ಥೆ ಕಾಯಿದೆಯಲ್ಲಿ ಇರಲಿಲ್ಲ.

1986ರ ಬಂದೂಕು ಮಾಲೀಕರ ಸಂರಕ್ಷಣಾ ಕಾಯಿದೆ ಎರಡು ವಿಧದಲ್ಲಿ ಮುಂದಿನ ವಿವಾದಕ್ಕೆ ತಳಹದಿಯಾಯಿತು. ಜೀವನೋಪಾಯ ಮತ್ತು ಲಾಭವನ್ನು ಮುಖ್ಯ ಉದ್ದೇಶವಾಗಿ ಇಟ್ಟುಕೊಂಡು ಪದೇ ಪದೇ ಕೊಂಡು ಮಾರುವವನು ಮಾತ್ರ ವ್ಯಾಪಾರಿ ಎಂದು ಅದು ವ್ಯಾಖ್ಯಾನಿಸಿದ್ದರಿಂದ ಹವ್ಯಾಸಿಗಳೂ ಸಂಗ್ರಾಹಕರೂ ಪರವಾನಗಿಯ ಆಚೆ ಉಳಿದರು. ವ್ಯಾಪಾರಿಗಳ ದಾಖಲೆಗಳಿಂದ ಒಕ್ಕೂಟ ಸರ್ಕಾರ ಬಂದೂಕುಗಳ ರಾಷ್ಟ್ರೀಯ ನೋಂದಣಿ ಪಟ್ಟಿ ಸಿದ್ಧಪಡಿಸುವುದನ್ನೂ ಅದು ನಿಷೇಧಿಸಿತು.

ಬ್ರಾಡಿ ಕಾಯಿದೆ

1981ರ ಮಾರ್ಚ್ 30ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಮೇಲೆ ನಡೆದ ಗುಂಡಿನ ದಾಳಿಯಲ್ಲಿ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರಾಡಿ ತಲೆಗೆ ಗಾಯವಾಗಿ ಶಾಶ್ವತ ಅಂಗವೈಕಲ್ಯಕ್ಕೆ ಒಳಗಾದರು. ಅವರ ಪತ್ನಿ ಸಾರಾ ಬ್ರಾಡಿ ಮುನ್ನಡೆಸಿದ ಆಂದೋಲನದ ಫಲವಾಗಿ 1987ರಲ್ಲಿ ಮಂಡಿತವಾದ ಮಸೂದೆಗೆ, ಅಧಿಕಾರದಿಂದ ಇಳಿದ ಮೇಲೆ ರೇಗನ್ ಅವರೇ 1991ರಲ್ಲಿ ಬೆಂಬಲ ಸೂಚಿಸಿದರು. ಬಂದೂಕು ಮಾಲೀಕರ ಪರ ಸಂಘಟನೆಯಾದ ರಾಷ್ಟ್ರೀಯ ರೈಫಲ್ ಸಂಘ ಕಾಯುವ ಅವಧಿಯನ್ನು ವಿರೋಧಿಸಿ, ಅದರ ಬದಲು ಕಂಪ್ಯೂಟರಿನಿಂದ ತತ್‌ಕ್ಷಣ ಉತ್ತರ ಕೊಡುವ ವ್ಯವಸ್ಥೆ ಇರಲೆಂದು ವಾದಿಸಿತು. 1993ರ ನವೆಂಬರ್ 30ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾಯಿದೆಯಲ್ಲಿ ಈ ಎರಡು ನಿಲುವುಗಳೂ ಕೂಡಿಕೊಂಡವು: ಮೊದಲ ಐದು ವರ್ಷ ಕೈಬಂದೂಕು ಖರೀದಿಗೆ ಐದು ಕೆಲಸದ ದಿನಗಳವರೆಗಿನ ಕಾಯುವಿಕೆ, ಆ ಬಳಿಕ ತತ್‌ಕ್ಷಣದ ಪರಿಶೀಲನೆ. ಮಧ್ಯಂತರ ಅವಧಿಯಲ್ಲಿ ಸ್ಥಳೀಯ ಪೊಲೀಸ್ ಮುಖ್ಯಸ್ಥರು ಪರಿಶೀಲನೆ ನಡೆಸಬೇಕೆಂಬ ವಿಧಿಯನ್ನು ಮೊಂಟಾನಾ ಮತ್ತು ಅರಿಜೋನಾದ ಇಬ್ಬರು ಶೆರಿಫರು ಪ್ರಶ್ನಿಸಿದರು. 1997ರ ಪ್ರಿಂಟ್ಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಕ್ಕೂಟದ ಕಾರ್ಯಕ್ರಮವನ್ನು ಜಾರಿಗೊಳಿಸುವಂತೆ ರಾಜ್ಯಗಳ ಅಧಿಕಾರಿಗಳಿಗೆ ಆಜ್ಞಾಪಿಸುವಂತಿಲ್ಲವೆಂದು 5–4 ಬಹುಮತದಿಂದ ಆ ವಿಧಿಯನ್ನು ರದ್ದುಪಡಿಸಿತು.

ಪರಿಶೀಲನೆಯ ಕ್ರಮ

1998ರ ನವೆಂಬರ್ 30ರಂದು ಆರಂಭವಾದ ರಾಷ್ಟ್ರೀಯ ತತ್‌ಕ್ಷಣ ಅಪರಾಧ ಹಿನ್ನೆಲೆ ಪರಿಶೀಲನಾ ವ್ಯವಸ್ಥೆಯನ್ನು ಒಕ್ಕೂಟದ ತನಿಖಾ ಸಂಸ್ಥೆ ಎಫ್‌ಬಿಐ ನಡೆಸುತ್ತದೆ. ಕೊಳ್ಳುವವನು 4473 ಸಂಖ್ಯೆಯ ನಮೂನೆ ತುಂಬಿದ ಮೇಲೆ ವ್ಯಾಪಾರಿ ಆ ವ್ಯವಸ್ಥೆಯ ಕೇಂದ್ರವನ್ನು ಸಂಪರ್ಕಿಸುತ್ತಾನೆ. ಕೆಲವು ರಾಜ್ಯಗಳಲ್ಲಿ ರಾಜ್ಯದ ಸಂಸ್ಥೆಯೇ ಮಧ್ಯವರ್ತಿಯಾಗಿ ಈ ಕೆಲಸ ಮಾಡುತ್ತದೆ. ಬರುವ ಉತ್ತರ ಅನುಮತಿ, ನಿರಾಕರಣೆ ಅಥವಾ ವಿಳಂಬ ಎಂಬ ಮೂರರಲ್ಲೊಂದು. ವಿಳಂಬವಾದ ಪ್ರಕರಣದಲ್ಲಿ ಮೂರು ಕೆಲಸದ ದಿನಗಳೊಳಗೆ ತೀರ್ಮಾನ ಬಾರದಿದ್ದರೆ ವ್ಯಾಪಾರಿ ಮಾರಾಟ ಮಾಡಬಹುದು. 2015ರಲ್ಲಿ ಚಾರ್ಲ್ಸ್‌ಟನ್ ನಗರದ ಚರ್ಚಿನಲ್ಲಿ ಒಂಬತ್ತು ಮಂದಿಯನ್ನು ಕೊಂದವನು ಹೀಗೆ ಪರಿಶೀಲನೆ ಮುಗಿಯುವ ಮೊದಲೇ ಪಿಸ್ತೂಲು ಪಡೆದಿದ್ದರಿಂದ ಈ ಅವಕಾಶಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿತು. ಅನುಮತಿ ದೊರೆತ ಖರೀದಿಯ ಗುರುತಿನ ವಿವರಗಳನ್ನು 24 ಗಂಟೆಯೊಳಗೆ ಅಳಿಸಬೇಕೆಂಬ ನಿಯಮ, ನೋಂದಣಿ ಪಟ್ಟಿಯ ಭಯಕ್ಕೆ ಸರ್ಕಾರ ನೀಡಿದ ಉತ್ತರ.

ದಾಖಲೆಗಳು ಕೇಂದ್ರಕ್ಕೆ ತಲುಪದಿದ್ದರೆ ಪರಿಶೀಲನೆ ನಿಷ್ಫಲ. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಮಂದಿ ಹತರಾದ ಬಳಿಕ, ರಾಜ್ಯಗಳು ಮಾನಸಿಕ ಆರೋಗ್ಯ ಸಂಬಂಧಿ ಆದೇಶಗಳನ್ನು ಕಳುಹಿಸುವಂತೆ ಉತ್ತೇಜಿಸುವ ಕಾಯಿದೆ 2008ರಲ್ಲಿ ಬಂದಿತು. 2017ರಲ್ಲಿ ಟೆಕ್ಸಾಸಿನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಚರ್ಚಿನ ಹತ್ಯಾಕಾಂಡದ ಅಪರಾಧಿಯ ಹಳೆಯ ಶಿಕ್ಷೆಯನ್ನು ವಾಯುಪಡೆ ವರದಿ ಮಾಡಿರಲಿಲ್ಲವೆಂಬುದು ಹೊರಬಿದ್ದು, 2018ರಲ್ಲಿ ಇನ್ನೊಂದು ತಿದ್ದುಪಡಿಗೆ ಕಾರಣವಾಯಿತು.

ಖಾಸಗಿ ಮಾರಾಟದ ಪ್ರಶ್ನೆ

ಬಂದೂಕು ಮೇಳಗಳಲ್ಲಿ ಪರವಾನಗಿ ಇಲ್ಲದವರು ಮಾಡುವ ಮಾರಾಟಕ್ಕೂ ಪರಿಶೀಲನೆ ಬೇಕೆಂಬ ಒತ್ತಾಯ 1999ರ ಕೊಲಂಬೈನ್ ಶಾಲೆಯ ಹತ್ಯಾಕಾಂಡದ ನಂತರ ಬಲಗೊಂಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಉಪಾಧ್ಯಕ್ಷ ಅಲ್ ಗೋರ್ ಅವರ ನಿರ್ಣಾಯಕ ಮತದಿಂದ ಸೆನೆಟ್ ಒಪ್ಪಿದ ಇಂಥ ತಿದ್ದುಪಡಿ ಕಾನೂನಾಗಲಿಲ್ಲ. ಮೇಳಗಳಲ್ಲಿ ಪರಿಶೀಲನೆ ನಡೆಯುವುದು ಸಮಂಜಸವೆಂದು ಅಂದು ಸಂಸತ್ತಾದ ಕಾಂಗ್ರೆಸ್ಸಿನ ಮುಂದೆ ಹೇಳಿದ್ದ ರೈಫಲ್ ಸಂಘ ಮುಂದೆ ಆ ನಿಲುವಿನಿಂದ ದೂರ ಸರಿಯಿತು. ಸ್ಯಾಂಡಿ ಹುಕ್ ಶಾಲೆಯಲ್ಲಿ 2012ರ ಡಿಸೆಂಬರಿನಲ್ಲಿ 20 ಮಕ್ಕಳು ಮತ್ತು ಆರು ವಯಸ್ಕರು ಸತ್ತ ಬಳಿಕ, ಡೆಮಾಕ್ರಟಿಕ್ ಪಕ್ಷದ ಜೋ ಮ್ಯಾಂಚಿನ್ ಮತ್ತು ರಿಪಬ್ಲಿಕನ್ ಪಕ್ಷದ ಪ್ಯಾಟ್ ಟೂಮಿ ಮೇಳಗಳಲ್ಲೂ ಅಂತರ್ಜಾಲದ ಜಾಹೀರಾತಿನ ಮೂಲಕವೂ ನಡೆಯುವ ಮಾರಾಟಕ್ಕೆ ಪರಿಶೀಲನೆ ವಿಸ್ತರಿಸುವ ತಿದ್ದುಪಡಿ ತಂದರು. 2013ರ ಏಪ್ರಿಲ್ 17ರಂದು ಅದಕ್ಕೆ 54 ಮತಗಳು ದೊರೆತರೂ ಅಂಗೀಕಾರಕ್ಕೆ ಬೇಕಾಗಿದ್ದ 60ರ ಮಿತಿಯನ್ನು ಅದು ಮುಟ್ಟಲಿಲ್ಲ. 2019 ಮತ್ತು 2021ರಲ್ಲಿ ಪ್ರತಿನಿಧಿ ಸಭೆ ಅಂಗೀಕರಿಸಿದ ಸಾರ್ವತ್ರಿಕ ಪರಿಶೀಲನೆಯ ಮಸೂದೆಗಳೂ ಸೆನೆಟ್ಟಿನಲ್ಲೇ ನಿಂತವು.

ನಿಷೇಧಿತ ವ್ಯಕ್ತಿ ಅಂಗಡಿಯಲ್ಲಿ ತಿರಸ್ಕೃತನಾಗಿ ಪರಿಶೀಲನೆಯಿಲ್ಲದ ಮಾರಾಟಗಾರನ ಬಳಿ ಹೋಗಬಲ್ಲನೆಂಬುದು ವಿಸ್ತರಣೆಯ ಪರವಾದ ವಾದ. ಅಪರಾಧಿಗಳು ಕಳವಿನಿಂದಲೋ ಬೇರೆಯವರ ಹೆಸರಿನಲ್ಲಿ ಕೊಂಡೋ ಆಯುಧ ಪಡೆಯುತ್ತಾರೆ, ಎಲ್ಲ ಮಾರಾಟಗಳ ಪರಿಶೀಲನೆಯನ್ನು ಜಾರಿಗೊಳಿಸಲು ಕೊನೆಗೆ ನೋಂದಣಿಯೇ ಬೇಕಾಗುತ್ತದೆ, ಅದು ಸಂವಿಧಾನದ ಎರಡನೆಯ ತಿದ್ದುಪಡಿ ನೀಡಿದ ಆಯುಧದ ಹಕ್ಕಿಗೆ ಅಪಾಯ ಎಂಬುದು ವಿರೋಧಿಗಳ ವಾದ. ಅಂಕಿಅಂಶಗಳೂ ವಿವಾದಾತೀತವಲ್ಲ: ಶೇ. 40ರಷ್ಟು ಬಂದೂಕುಗಳು ಪರಿಶೀಲನೆಯಿಲ್ಲದೆ ಕೈಬದಲಾಗುತ್ತವೆ ಎಂಬ ಬಹುಬಳಕೆಯ ಅಂದಾಜಿಗೆ 1994ರ ಸಮೀಕ್ಷೆಯೊಂದು ಆಧಾರವಾಗಿದ್ದು, 2017ರಲ್ಲಿ ಪ್ರಕಟವಾದ ಅಧ್ಯಯನ ಆ ಪ್ರಮಾಣವನ್ನು ಶೇ. 22ರಷ್ಟೆಂದು ಅಂದಾಜಿಸಿತು.

2022ರ ಕಾಯಿದೆ ಮತ್ತು 2024ರ ನಿಯಮ

ಬಫಲೊ ಮತ್ತು ಯುವಾಲ್ಡೆ ನಗರಗಳಲ್ಲಿ ನಡೆದ ಗುಂಡಿನ ಹತ್ಯಾಕಾಂಡಗಳ ನಂತರ, 2022ರ ಜೂನ್ 25ರಂದು ಅಧ್ಯಕ್ಷ ಜೋ ಬೈಡನ್ ಸಹಿ ಹಾಕಿದ ದ್ವಿಪಕ್ಷೀಯ ಕಾಯಿದೆಯು 21 ವರ್ಷಕ್ಕಿಂತ ಕಿರಿಯರ ಬಾಲಾಪರಾಧ ಮತ್ತು ಮಾನಸಿಕ ಆರೋಗ್ಯದ ದಾಖಲೆಗಳನ್ನು ನೋಡಲು ಹತ್ತು ಕೆಲಸದ ದಿನಗಳವರೆಗೆ ಅವಕಾಶ ಕೊಟ್ಟಿತು. ವ್ಯಾಪಾರಿಯ ವ್ಯಾಖ್ಯೆಯಿಂದ ಜೀವನೋಪಾಯದ ಮಾತನ್ನು ತೆಗೆದು, ಪ್ರಧಾನವಾಗಿ ಲಾಭ ಗಳಿಸುವ ಉದ್ದೇಶವೇ ಸಾಕೆಂದಿತು. ಇದನ್ನು ಜಾರಿಗೊಳಿಸಲು ಮದ್ಯ, ತಂಬಾಕು, ಬಂದೂಕು ಮತ್ತು ಸ್ಫೋಟಕಗಳ ಬ್ಯೂರೊ, ಅಂದರೆ ಎಟಿಎಫ್, 2023ರ ಸೆಪ್ಟೆಂಬರಿನಲ್ಲಿ ಕರಡು ನಿಯಮ ಪ್ರಕಟಿಸಿದಾಗ ಸುಮಾರು 3,88,000 ಸಾರ್ವಜನಿಕ ಅಭಿಪ್ರಾಯಗಳು ಬಂದವು. 2024ರ ಮೇ 20ರಂದು ಜಾರಿಗೆ ಬಂದ ಅಂತಿಮ ನಿಯಮ, ಎಷ್ಟು ಬಂದೂಕು ಮಾರಿದರೆ ವ್ಯಾಪಾರವೆಂಬ ಸಂಖ್ಯಾಮಿತಿ ಹಾಕದೆ, ಹೊಸ ಆಯುಧಗಳನ್ನು ಮತ್ತೆ ಮತ್ತೆ ಮಾರುವಂಥ ವರ್ತನೆಗಳಿಂದ ವ್ಯಾಪಾರದ ಉದ್ದೇಶವನ್ನು ಊಹಿಸಬಹುದೆಂದಿತು. ಕಾಂಗ್ರೆಸ್ ಕೊಟ್ಟ ಅಧಿಕಾರವನ್ನು ಇದು ಮೀರಿದೆಯೆಂದು ಹಲವು ರಾಜ್ಯಗಳು ದಾವೆ ಹೂಡಿದವು. ಟೆಕ್ಸಾಸಿನ ಒಕ್ಕೂಟ ನ್ಯಾಯಾಲಯವೊಂದು ಟೆಕ್ಸಾಸ್, ಲೂಯಿಸಿಯಾನಾ, ಮಿಸಿಸಿಪ್ಪಿ ಮತ್ತು ಯೂಟಾಗಳಲ್ಲಿ ಅದರ ಜಾರಿಗೆ ತಡೆ ನೀಡಿತು. ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಫೆಬ್ರವರಿಯಲ್ಲಿ ಹೊರಡಿಸಿದ ಆದೇಶದ ಮೇರೆಗೆ ಈ ನಿಯಮ ಮರುಪರಿಶೀಲನೆಗೆ ಒಳಪಟ್ಟಿತು.

ನಿಯಮವನ್ನು ಆಡಳಿತ ಬದಲಿಸಬಹುದಾದರೂ 2022ರ ವ್ಯಾಖ್ಯೆಯನ್ನು ಬದಲಿಸುವ ಅಧಿಕಾರ ಕಾಂಗ್ರೆಸ್ಸಿಗೆ ಮಾತ್ರ ಉಂಟು. ಕ್ಯಾಲಿಫೋರ್ನಿಯಾ 1991ರಿಂದಲೇ ಖಾಸಗಿ ಮಾರಾಟವೂ ವ್ಯಾಪಾರಿಯ ಮೂಲಕ ನಡೆಯಬೇಕೆಂದು ವಿಧಿಸಿದ್ದು, ಇತರ ಹಲವು ರಾಜ್ಯಗಳೂ ಒಕ್ಕೂಟಕ್ಕಿಂತ ಮುಂದೆ ಹೋಗಿವೆ. ಹೀಗಾಗಿ ಒಂದೇ ಬಗೆಯ ಮಾರಾಟ ಒಂದು ರಾಜ್ಯದಲ್ಲಿ ಪರಿಶೀಲನೆಗೆ ಒಳಪಟ್ಟು ನೆರೆಯ ರಾಜ್ಯದಲ್ಲಿ ಒಳಪಡದೆ ಇರುವುದು ಈ ವ್ಯವಸ್ಥೆಯ ಲಕ್ಷಣವಾಗಿ ಉಳಿದಿದೆ.