ಹಡಗಿನ ಉಪ್ಪಿಟ್ಟಿಗೆ ಮೈಲಿಗೆ ಇರಲಿಲ್ಲ

ಹುಮನಾಬಾದಿನ ಅಂಗಡಿಗಳಲ್ಲಿ ಈಗ ಕೊರಿಯಾ ದೇಶದ ನೂಡಲ್ಸು ಸಿಗುತ್ತದೆ. ಬಿಸಿನೀರು ಹಾಕಿದರೆ ಮುಗಿಯಿತು, ಊಟ ತಯಾರು. ಕೊಳ್ಳುವವರು ಪಾಕೀಟು ತಿರುಗಿಸಿ ಹಸಿರು ಚುಕ್ಕೆ ನೋಡುತ್ತಾರೆ, ತಾರೀಖು ನೋಡುತ್ತಾರೆ, ರೊಕ್ಕ ಎಷ್ಟು ಅಂತ ಕೇಳುತ್ತಾರೆ. ಯಾರು ಬೇಯಿಸಿದರು ಅಂತ ಕೇಳುವುದಿಲ್ಲ. ಅದೇ ಮಂದಿ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಬಡಿದ ಜೋಳದ ಕಡಕ್ ರೊಟ್ಟಿಯನ್ನು ಮುಂದೆ ಇಟ್ಟರೆ, ಬೆಲೆಗಿಂತ ಮೊದಲು ಕೇಳುವುದು ಒಂದೇ ಮಾತು: "ಯಾರ ಕೈಯಿಂದರಿ ಇದು?"

ಜನ ಹೊರಗಿನ ಸಿದ್ಧ ಆಹಾರವನ್ನು ಯಾವ ಆಧಾರದ ಮೇಲೆ ನಂಬುತ್ತಾರೆ ಅನ್ನುವುದನ್ನು ಪೇಟೆಯ ಪಂಡಿತರು ಅಭ್ಯಾಸ ಮಾಡುತ್ತಾರೆ. ಆರೋಗ್ಯ, ರುಚಿ, ಬೆಲೆ, ಧರ್ಮ, ತಯಾರಾದ ದೇಶ ಹೀಗೆ ಅವರ ಪಟ್ಟಿ ಬೆಳೆಯುತ್ತದೆ. ನಮ್ಮ ದೇಶದಲ್ಲಿ ಆ ಪಟ್ಟಿಗೆ ಸೇರಬೇಕಾದ ಮೊದಲ ಮಾತು ಕೈ. ಬೇಯಿಸಿದ ಕೈ, ಬಡಿಸಿದ ಕೈ, ಮುಟ್ಟಿದ ಕೈ. ಬಸವಕಲ್ಯಾಣ ಹುಮನಾಬಾದ್ ಸೀಮೆಯಲ್ಲಿ ಹುಟ್ಟಿ, ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಕಂಡ ನಾವು ಈ ಕೈಯ ಚರಿತ್ರೆಯನ್ನು ಬರೆಯಬೇಕೆಂದು ಹೊರಟಿದ್ದೇವೆ. ಇದನ್ನು ನಮ್ಮ ಪರವಾಗಿ ಬೇರೆ ಯಾರೂ ಬರೆಯಲಿಲ್ಲ.

ಕಲ್ಯಾಣದ ನೆಲ ಇದು. ಹನ್ನೆರಡನೇ ಶತಮಾನದಲ್ಲಿ ಬಸವಣ್ಣ ಹೊಲಗೇರಿಯ ಶರಣರ ಮನೆಗೆ ಹೋಗಿ ಉಂಡು ಬಂದ ಎಂಬ ದೂರು ಬಿಜ್ಜಳನ ಆಸ್ಥಾನದ ತನಕ ಹೋಯಿತೆಂದು ಪುರಾಣಗಳೇ ಹೇಳುತ್ತವೆ. ಊಟದಿಂದ ಸುರುವಾದದ್ದು ಮದುವೆಯ ತನಕ ಬಂತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾಯಿತು. ಅಪ್ಪಂದಿರಿಬ್ಬರಿಗೂ ಮರಣದಂಡನೆಯಾಯಿತು. ಕಲ್ಯಾಣ ಒಡೆಯಿತು. ಈ ಕತೆಯನ್ನು ಮಠಗಳು ವರ್ಷಾ ಹೇಳುತ್ತವೆ, ಆದರೆ ಮೊದಲ ಭಾಗವನ್ನು, ಅಂದರೆ ಯಾರ ಮನೆಯಲ್ಲಿ ಉಂಡ ಎಂಬುದನ್ನು, ಜಲ್ದಿ ಜಲ್ದಿ ದಾಟಿಬಿಡುತ್ತವೆ. ದಾಸೋಹ ಎಂಬ ಶಬ್ದ ಉಳಿಯಿತು. ಪಂಕ್ತಿ ಮಾತ್ರ ಬೇರೆಯಾಯಿತು. ಇನ್ನು ಎಂಟು ನೂರು ವರ್ಷ ದಾಟಿ ಬರೋಣ.

1954ರ ಜುಲೈಯಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಅದಕ್ಕೆ ಪಿ.ಎಲ್. 480 ಎಂದು ಹೆಸರು. ಅಲ್ಲಿ ತಿಂದು ಮಿಕ್ಕ ಗೋಧಿಯನ್ನು ಬಡ ದೇಶಗಳಿಗೆ ಸಾಗಿಸುವ ಉಪಾಯ ಅದು. ನೆಹರೂ ಸರಕಾರ 1956ರಲ್ಲಿ ಮೊದಲ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ನಮ್ಮ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತು. 1966ರ ಬರದ ಹೊತ್ತಿಗೆ ಹೊರಗಿನಿಂದ ಬಂದ ಧಾನ್ಯ ಸುಮಾರು ಒಂದು ಕೋಟಿ ಟನ್ನು. ಹಡಗಿನಿಂದ ಬಾಯಿಗೆ ಎಂಬ ಹಾಗೆ ದೇಶ ಬದುಕಿತು. ಅಮೆರಿಕದ ಅಧ್ಯಕ್ಷ ಜಾನ್ಸನ್ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ಬಿಡುತ್ತಿದ್ದ. ವಿಯೆಟ್ನಾಮಿನ ಬಗ್ಗೆ ದೆಹಲಿ ಬಾಯಿ ಬಿಟ್ಟರೆ ಹಡಗು ತಡವಾಗುತ್ತಿತ್ತು. ಜೀತಕ್ಕೆ ಇದ್ದವನಿಗೆ ಗೌಡ ಜೋಳ ಅಳೆಯುವ ರೀತಿಯೂ ಇದೇ. ನಮ್ಮ ಹಿರಿಯರಿಗೆ ಈ ರಾಜಕಾರಣ ಹೊಸದೇನೂ ಅನಿಸಿರಲಿಕ್ಕಿಲ್ಲ.

ಆ ಗೋಧಿಯ ಜೊತೆಗೇ ಬಂತೆಂದು ಜನ ನಂಬುವ ಒಂದು ಕಸವೂ ಇದೆ, ಪಾರ್ಥೇನಿಯಂ. ಐವತ್ತರ ದಶಕದಲ್ಲಿ ಪುಣೆಯ ಕಡೆ ಮೊದಲು ಕಂಡಿತು. ಈಗ ನಮ್ಮ ಹೊಲದ ಬದು, ಸಾಲಿಯ ಅಂಗಳ ಎಲ್ಲೂ ಅದೇ. ಜನ ಅದಕ್ಕೆ ಕಾಂಗ್ರೆಸ್ ಕಸ ಅಂತ ಹೆಸರಿಟ್ಟರು. ಹೆಸರಿಡುವುದರಲ್ಲಿ ನಮ್ಮ ಜನ ಯಾವತ್ತೂ ಬಡವರಲ್ಲ.

ಧಾನ್ಯದ ಸಂಗಡ ಬಂದ ಇನ್ನೊಂದು ವಸ್ತು ನಮ್ಮ ವಿಷಯಕ್ಕೆ ಹತ್ತಿರದ್ದು. ಕೇರ್ ಎಂಬ ಸಂಸ್ಥೆ 1945ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಯುದ್ಧದಲ್ಲಿ ಬೆಂದ ಯುರೋಪಿಗೆ ಸೈನಿಕರ ಮಿಕ್ಕ ಊಟದ ಡಬ್ಬಿಗಳನ್ನು ಗಂಟು ಕಟ್ಟಿ ಕಳಿಸಿದ್ದು ಅದರ ಮೊದಲ ಕೆಲಸ. 1946ರ ಮೇ ತಿಂಗಳಲ್ಲಿ ಮೊದಲ ಗಂಟುಗಳು ಫ್ರಾನ್ಸಿನ ಬಂದರು ಮುಟ್ಟಿದವು. ಅರವತ್ತರ ದಶಕದಲ್ಲಿ ಅದೇ ಕೇರ್ ನಮ್ಮ ಹಳ್ಳಿಯ ಸಾಲಿಗಳಿಗೆ ಬಂತು. ಹಾಲಿನ ಪುಡಿ, ಗೋಧಿ ರವೆ, ತಗಡಿನ ಡಬ್ಬಿಯಲ್ಲಿ ಎಣ್ಣೆ. ಆಮೇಲೆ ಮೆಕ್ಕೆಜೋಳ, ಸೋಯಾ, ಹಾಲಿನ ಪುಡಿ ಕೂಡಿಸಿ ಅರ್ಧ ಬೇಯಿಸಿಯೇ ಕಳಿಸುತ್ತಿದ್ದ ಹಳದಿ ಹಿಟ್ಟು. ನೀರಿಗೆ ಹಾಕಿ ಕುದಿಸಿದರೆ ಆಯಿತು. ನಮ್ಮ ಸೀಮೆಯ ಬಡವರು ಕಂಡ ಮೊದಲ ಪರದೇಶದ ಸಿದ್ಧ ಊಟ ಇದೇ. ಇವತ್ತಿನ ನೂಡಲ್ಸಿಗೆ ಇದು ಅಜ್ಜಿ.

ನಮ್ಮ ಆಯಿ ಎರಡನೇ ತರಗತಿ ತನಕ ಸಾಲಿಗೆ ಹೋದದ್ದು ಈ ಉಪ್ಪಿಟ್ಟಿನ ಆಸೆಗೆ. ‘ಕೇರ್ ಉಪ್ಪಿಟ್ಟು’ ಅಂದದ್ದನ್ನು ಅವಳು ಬಹಳ ದಿನ ‘ಕೇರಿ ಉಪ್ಪಿಟ್ಟು’ ಅಂದುಕೊಂಡಿದ್ದಳಂತೆ. ನಮ್ಮ ಕೇರಿಗಂತಲೇ ಯಾರೋ ಪುಣ್ಯಾತ್ಮರು ಕಳಿಸಿದ್ದು ಅಂತ. ಚೀಲದ ಮೇಲೆ ಎರಡು ಕೈ ಕುಲುಕುವ ಚಿತ್ರ ಇರುತ್ತಿತ್ತು. ಓದಲು ಬಾರದವರಿಗೂ ಆ ಚಿತ್ರ ಅರ್ಥವಾಗುತ್ತಿತ್ತು. "ಕೈ ಕೈ ಕೂಡ್ಯಾವ ಅಂತ ಚಿತ್ರ ತಗದಿದ್ರು. ಆದರ ನಮಗ ಬಡಿಸೋ ಮುಂದ ಸೌಟು ಮ್ಯಾಲ ಹಿಡದು ಸುರೀತಿದ್ರು. ಬಿಸಿದು ಕೈಮ್ಯಾಲ ಸಿಡೀತಿತ್ತು" ಎಂದು ಆಯಿ ಇವತ್ತಿಗೂ ಹೇಳುತ್ತಾಳೆ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆ ಹಿಟ್ಟನ್ನು ಯಾರು ಬೀಸಿದರು? ಯಾರು ಬೇಯಿಸಿದರು? ಮೆಕ್ಕೆಜೋಳ ಬೆಳೆದವನು ಕರಿಯನೋ ಬಿಳಿಯನೋ, ಮಿಲ್ಲಿನಲ್ಲಿ ದುಡಿದವನು ದನ ತಿನ್ನುವವನೋ ಹಂದಿ ತಿನ್ನುವವನೋ? ಊರೊಳಗಿನ ಮನೆಗಳ ಮಕ್ಕಳೂ ಅದೇ ಉಪ್ಪಿಟ್ಟು ತಿಂದರು, ಮನೆಗೆ ಹಾಲಿನ ಪುಡಿ ಒಯ್ದರು. ದನ ತಿನ್ನುವ ದೇಶದ ದನದ ಹಾಲು ಅದು. ಗೊತ್ತಿತ್ತು. ಯಾರ ಜಾತಿಯೂ ಕೆಡಲಿಲ್ಲ. ಒಣ ಖಂಡ ತಿಂದ ಬಾಯಿ ಎಂದು ನಮ್ಮನ್ನು ಬೇರೆ ಸಾಲಿನಲ್ಲಿ ಕೂಡಿಸಿದವರೇ, ದನ ತಿನ್ನುವವರ ಕೈಯ ಹಿಟ್ಟನ್ನು ಕಣ್ಣಿಗೆ ಒತ್ತಿಕೊಂಡು ತಿಂದರು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂದು ಮನುಷ್ಯನಿಗೆ ಹೇಳಿದ ಶಾಸ್ತ್ರ ಹಿಟ್ಟಿಗೆ ಮಾತ್ರ ವಿನಾಯ್ತಿ ಕೊಟ್ಟಿತು. ಆ ಹಿಟ್ಟಿನ ಹಿಂದಿನ ಕೈ ಇವರಿಗೆ ಕಾಣುತ್ತಿರಲಿಲ್ಲ. ಕಾಣದ ಕೈಗೆ ಜಾತಿ ಇಲ್ಲ. ಶುದ್ಧಿ ಅನ್ನುವುದು ಊಟದಲ್ಲಿ ಇದ್ದಿದ್ದರೆ ಈ ಲೆಕ್ಕ ಹೊಂದುತ್ತಿರಲಿಲ್ಲ. ಅದು ಇದ್ದದ್ದು ನಮ್ಮನ್ನು ದೂರ ಇಡುವುದರಲ್ಲಿ.

ಹಾಗಂತ ನಮ್ಮ ಜನ ಹಡಗಿನ ಊಟವನ್ನು ಕಣ್ಣು ಮುಚ್ಚಿ ನಂಬಿದರು ಅಂತಲ್ಲ. ನಮ್ಮವರ ಪರೀಕ್ಷೆ ಬೇರೆ ಇತ್ತು. 1972ರ ಬರ ಬಂತು. ನಮ್ಮ ಕಡೆಯೂ, ಗಡಿಯಾಚೆ ಮರಾಠವಾಡದ ಉಮರ್ಗಾ, ನಿಲಂಗಾ ಕಡೆಯೂ ಹೊಲ ಬಿರಿದವು. ಆಯಿಗೆ ಆಗ ಹದಿನೈದೋ ಹದಿನಾರೋ. ಖಡಿ ಒಡೆಯುವ ಕೆಲಸಕ್ಕೆ ಹೋದಳು. ಗಡಿಯಾಚೆಯ ಕೆಲಸದ ಜಾಗಗಳಲ್ಲಿ ಸುಕಡಿ ಎಂಬ ಸಿದ್ಧ ತಿನಿಸು ಹಂಚುತ್ತಿದ್ದರು, ಅದನ್ನು ತಿಂದ ನೆಂಟರು ಇವತ್ತಿಗೂ ಇದ್ದಾರೆ. ಅಮೆರಿಕದಿಂದ ಕೆಂಪು ಜೋಳ ಬಂತು. ಅದಕ್ಕೆ ಮಿಲೋ ಅಂತ ಹೆಸರು. ಆ ದೇಶದಲ್ಲಿ ಅದನ್ನು ಬೆಳೆಯುವುದು ಮುಖ್ಯವಾಗಿ ದನಗಳ ಮೇವಿಗೆ.

"ಆ ಕೆಂಪ ಜ್ವಾಳದ ಹಿಟ್ಟಿಗಿ ಜಿಗಿನೇ ಇರ್ಲಿಲ್ಲ. ಬಡದ್ರ ರೊಟ್ಟಿ ಹರದ ಹೋಗ್ತಿತ್ತು. ಕಡೀಕ ನುಚ್ಚು ಮಾಡಿ ನುಂಗಿದ್ವಿ. ಮಾಲದಂಡಿ ಜ್ವಾಳ ತಿಂದ ಬಾಯಿ ಅದು, ಅಳ್ತಿತ್ತು." ಇದು ಆಯಿಯ ತೀರ್ಪು. ಹಿಟ್ಟಿನ ಜಿಗಿ, ತಿಂದ ಮೇಲೆ ಹೊಟ್ಟೆ ಏನು ಹೇಳಿತು, ಮಕ್ಕಳು ರಾತ್ರಿ ಮಲಗಿದರೋ ಇಲ್ಲೋ, ಇಷ್ಟನ್ನೇ ನೋಡಿ ಆ ಹೆಣ್ಣುಮಕ್ಕಳು ಊಟವನ್ನು ಅಳೆದರು. ಹಾಲಿನ ಪುಡಿ ಕೆಲವು ಮಕ್ಕಳಿಗೆ ಝಾಡಿಸಿತು, ಅದನ್ನು ಬಿಟ್ಟರು. ಹಳದಿ ಹಿಟ್ಟಿನ ಉಪ್ಪಿಟ್ಟು ಒಗ್ಗಿತು, ಅದನ್ನು ಇಟ್ಟುಕೊಂಡರು. ಎಣ್ಣೆಯ ತಗಡಿನ ಡಬ್ಬಿ ನಮ್ಮ ಮನೆಯಲ್ಲಿ ಜೋಳ ಹಾಕಲು ಮೂವತ್ತು ವರ್ಷ ಇತ್ತು. ಬೇಯಿಸಿದವರ ಜಾತಿ ಏನು ಅಂತ ನಮ್ಮ ಓಣಿಯಲ್ಲಿ ಒಬ್ಬರೂ ಕೇಳಲಿಲ್ಲ.

1973ರ ನವೆಂಬರಿನಲ್ಲಿ, ಆ ಬರದ ಬಿಸಿ ಇನ್ನೂ ಆರಿರದಾಗ, ಮಂತ್ರಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ನಾಡೆಲ್ಲ ಗಲಾಟೆ. ಹಾಸ್ಟೆಲುಗಳ ದಲಿತ ಹುಡುಗರಿಗೆ ಹೊಡೆತ ಬಿತ್ತು. ಆ ಪೆಟ್ಟಿನಿಂದಲೇ ದಲಿತ ಚಳವಳಿ ಎದ್ದಿತೆಂಬುದು ಈ ಪತ್ರಿಕೆಯ ಓದುಗರಿಗೆ ಗೊತ್ತು. ನಾವು ಸೇರಿಸುವುದು ಇಷ್ಟೇ: ಒಂದು ಶಬ್ದಕ್ಕೆ ಊರು ಸುಟ್ಟವರು, ಆ ದಿನಗಳಲ್ಲೇ ಹೈದರಾಬಾದ್ ಕರ್ನಾಟಕದ ಜನ ನಿಜವಾದ ದನದ ಮೇವನ್ನು ನುಚ್ಚು ಮಾಡಿ ನುಂಗುತ್ತಿದ್ದುದಕ್ಕೆ ಒಂದು ಮೆರವಣಿಗೆಯನ್ನೂ ತೆಗೆಯಲಿಲ್ಲ.

ಅಮೆರಿಕದ ಮಾರಾಟದ ಗೋಧಿ 1971ರ ಕೊನೆಗೆ ನಿಂತಿತು. ದಾನದ ಲೆಕ್ಕದ ಕೇರ್ ಚೀಲಗಳು ಮುಂದೆಯೂ ಬಹಳ ವರ್ಷ ಬಂದವು. ಅವುಗಳ ಮೇಲಿದ್ದ ಕೈಕುಲುಕುವ ಗುರುತಿನ ಅಮೆರಿಕದ ನೆರವಿನ ಇಲಾಖೆಯೇ 2025ರ ಜುಲೈ 1ಕ್ಕೆ ಬಾಗಿಲು ಹಾಕಿತು.

ಈಗ ಹಿಟ್ಟು ನಮ್ಮದೇ ದೇಶದ್ದು. ಆಗ ಏನಾಯಿತು ನೋಡಿ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಲಿಗಳಲ್ಲಿ ಬೇಯಿಸಿದ ಬಿಸಿಯೂಟ ಕೊಡಿ ಎಂದಿತು. 2002ರ ಜೂನಿನಲ್ಲಿ ಕರ್ನಾಟಕ ಸರಕಾರ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಯೋಜನೆ ಸುರು ಮಾಡಿತು, ಬೀದರವೂ ಅದರಲ್ಲಿತ್ತು. ಹೆಸರು ಅಕ್ಷರ ದಾಸೋಹ. ಕಲ್ಯಾಣದ ಶಬ್ದ ಕಲ್ಯಾಣಕ್ಕೆ ತಿರುಗಿ ಬಂತು. 2004ರ ಏಪ್ರಿಲ್ 20ರಂದು ಅದೇ ಕೋರ್ಟು, ಅಡಿಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಿ ಎಂದು ಆದೇಶಿಸಿತು. ಅಲ್ಲಿಗೆ ಕೈ ಕಾಣಿಸಿತು. ಕೈ ಕಂಡ ಕೂಡಲೇ ಮೈಲಿಗೆಯೂ ಎದ್ದು ಕೂತಿತು. ಅಕ್ಕಿ ಸರಕಾರದ್ದು, ಬೇಳೆ ಸರಕಾರದ್ದು, ಒಲೆ ಸರಕಾರದ್ದು. ಆದರೂ ಮಕ್ಕಳು ಮನೆಯಿಂದ ಡಬ್ಬಿ ತಂದರು, ಇಲ್ಲವೆ ಟಿ.ಸಿ. ತೆಗೆದುಕೊಂಡು ಹೋದರು. ಹಳೇ ಮಾತೇನಲ್ಲ ಇದು. 2025ರ ಜೂನಿನಲ್ಲಿ ಚಾಮರಾಜನಗರದ ಹೊಮ್ಮ ಗ್ರಾಮದ ಸಾಲಿಯಲ್ಲಿ ದಲಿತ ಹೆಣ್ಣುಮಗಳು ಅಡಿಗೆಗೆ ಬಂದ ಮೇಲೆ 22 ಮಕ್ಕಳಲ್ಲಿ ಒಂದೇ ಮಗು ಉಳಿಯಿತೆಂದು ಪತ್ರಿಕೆಗಳು ಬರೆದವು. ಅಧಿಕಾರಿಗಳು ಬೇರೆ ಕಾರಣ ಹೇಳಿದರು. ಅವರು ಯಾವಾಗ ಬೇರೆ ಕಾರಣ ಹೇಳಿಲ್ಲ?

2021ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯೂ ಸೇರಿದಂತೆ ಈ ಭಾಗದ ಮಕ್ಕಳಿಗೆ ಮೊಟ್ಟೆ ಕೊಡಲು ಹತ್ತಿದರು. ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚು ಎಂಬ ಕಾರಣಕ್ಕೆ. ಬಸವಣ್ಣನ ಹೆಸರು ಹೇಳುವ ಕೆಲವು ಮಠಾಧೀಶರೇ ವಿರೋಧಕ್ಕೆ ನಿಂತರು. ಅದೇ ವರ್ಷದ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ನೂರಾರು ಕೋಟಿಯ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಿತ್ತು. ಗಂಗಾವತಿಯ ಸಾಲಿಯ ಹುಡುಗಿಯೊಬ್ಬಳು, ಮೊಟ್ಟೆ ಬೇಡ ಅಂದರೆ ನಿಮ್ಮ ಮಠಕ್ಕೇ ಬಂದು ಕೂತು ತಿಂತೀವಿ ಎಂದು ಸ್ವಾಮಿಗಳಿಗೆ ಸವಾಲು ಹಾಕಿದಳು. ನಮಗೆ ಅವಳೇ ಶರಣೆಯಾಗಿ ಕಂಡಳು.

ಪಾಕೀಟಿಗೆ ತಿರುಗಿ ಬರೋಣ. ಬೆಂಗಳೂರಿನಲ್ಲಿ 1924ರಲ್ಲಿ ಉಡುಪಿ ಕಡೆಯ ಬ್ರಾಹ್ಮಣರು ತೆಗೆದ ಮಾವಳ್ಳಿ ಟಿಫಿನ್ ರೂಮ್ಸಿನ ಹೆಸರನ್ನು ನಂಬಿ ಜನ ಎಂ.ಟಿ.ಆರ್. ಪಾಕೀಟು ಕೊಂಡರು. 2007ರಲ್ಲಿ ಆ ಆಹಾರ ಕಂಪನಿಯನ್ನು ನಾರ್ವೆ ದೇಶದ ಓರ್ಕ್ಲಾ ಕೊಂಡಿತು. ಮಡಿಯ ನಂಬಿಕೆ ಒಂದಿಷ್ಟೂ ಅಲುಗಲಿಲ್ಲ. ಸ್ವಿಸ್ ಕಂಪನಿಯ ಮ್ಯಾಗಿಯನ್ನು 2015ರ ಜೂನಿನಲ್ಲಿ ಸೀಸದ ಅಂಶದ ಆರೋಪದ ಮೇಲೆ ಸರಕಾರ ನಿಲ್ಲಿಸಿತು, ಆಗಸ್ಟಿನಲ್ಲಿ ಮುಂಬಯಿ ಹೈಕೋರ್ಟು ಆ ಆದೇಶ ರದ್ದು ಮಾಡಿತು. ಅದೇ ವರ್ಷ ಅದು ಮತ್ತೆ ಅಂಗಡಿಗೆ ಬಂತು. ಸೀಸದ ಸಂಶಯವನ್ನು ನಾಲ್ಕೈದು ತಿಂಗಳಲ್ಲಿ ಮರೆತ ಮಂದಿ, ನಮ್ಮ ಕೈಯ ಸಂಶಯವನ್ನು ಎಷ್ಟು ಶತಮಾನದಿಂದ ಜೋಪಾನ ಮಾಡಿದ್ದಾರೆ! 2016ರಲ್ಲಿ ಚಿಂತಕ ಚಂದ್ರಭಾನ್ ಪ್ರಸಾದರು ದೆಹಲಿಯಲ್ಲಿ ಉಪ್ಪಿನಕಾಯಿ, ಖಾರದಪುಡಿ, ಅರಿಶಿಣಕ್ಕೆ ‘ದಲಿತ್ ಫುಡ್ಸ್’ ಅಂತಲೇ ಹೆಸರಿಟ್ಟು ಮಾರಲು ತೆಗೆದರು. ಅಡಗಿಸುವ ಕೈಯನ್ನು ಪಾಕೀಟಿನ ಮೇಲೇ ಬರೆದರು.

ಈ ಸುದ್ದಿ ನಮಗೆ ಬರೀ ಓದುವ ಸುದ್ದಿಯಲ್ಲ. ನಮ್ಮ ಓಣಿಯ ಕಾಕಿ ಮತ್ತು ಇನ್ನು ಐದು ಹೆಣ್ಣುಮಕ್ಕಳು ಕೂಡಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಪಾಕೀಟು ಮಾಡುತ್ತಾರೆ. ತಿಂಗಳುಗಟ್ಟಲೆ ಕೆಡದ ಊಟ ಅದು. ದುಡಿಯಲು ಹೈದರಾಬಾದಿಗೆ, ಪುಣೆಗೆ ಹೋದವರ ಗಂಟಿನಲ್ಲಿ ಯಾವತ್ತಿನಿಂದಲೂ ಇದ್ದ ನಮ್ಮ ಸಿದ್ಧ ಊಟ. ಪಾಕೀಟಿನ ಮೇಲೆ ತಯಾರಿಸಿದವರ ಹೆಸರು, ವಿಳಾಸ ಇರಬೇಕು ಅಂತ ಕಾಯಿದೆ. ಓಣಿಯಲ್ಲಿ ಓದಿದವರು ನಾವೇ ಆದ್ದರಿಂದ ಚೀಟಿ ಬರೆಯುವ ಕೆಲಸ ನಮಗೆ ಬಂತು. ನಮ್ಮ ಓಣಿಯ ಹೆಸರು ಅಂಬೇಡ್ಕರ್ ನಗರ. ವಿಳಾಸ ಓದಿದರೆ ಕೈ ತಿಳಿಯುತ್ತದೆ.

ಒಂದು ರಾತ್ರಿಯೆಲ್ಲ ಜಗಳವಾಯಿತು. ನಮ್ಮಲ್ಲೇ ಒಬ್ಬ, ಪೇಟೆಯಲ್ಲಿ ಗೆಳೆಯನ ಅಂಗಡಿ ಇದೆ, ಆ ವಿಳಾಸ ಹಾಕೋಣ, ಮೊದಲು ಮಾರಾಟ ಆಗಲಿ ಅಂದ. ಅವನನ್ನು ಬೈಯಲು ನಮಗೆ ಬಾಯಿ ಬರಲಿಲ್ಲ. ಮೂರು ತಿಂಗಳಿಂದ ಪೇಟೆಯ ಅಂಗಡಿಗಳಿಗೆ ತಿರುಗಿ, ಅದೇ ಪ್ರಶ್ನೆ ಕೇಳಿಸಿಕೊಂಡು, ಪಾಕೀಟು ತಿರುಗಿ ಹೊತ್ತು ತಂದವನು ಅವನೇ. ಆರು ಮನೆಯ ಸಾಲ ಆ ರೊಟ್ಟಿಯ ಮೇಲೆ ನಿಂತಿತ್ತು. ಇನ್ನೊಬ್ಬ, ಹಂಗಾದರೆ ನಾವು ಬರೆಯೋ ಕವಿತೆಯೆಲ್ಲ ಸುಳ್ಳು ಅಂದ. ಕಾಕಿ ಒಲೆಯ ಮುಂದಿಂದಲೇ ಎಲ್ಲ ಕೇಳುತ್ತಿದ್ದಳು.

"ಏ ತಮ್ಮಾ, ಖರೇ ಅಡ್ರೆಸ್ ಬರೀರಿ. ನಾಳಿ ಯಾರರ ರೊಟ್ಟಿ ಛಲೋ ಅದ ಅಂತ ಹುಡಿಕ್ಯಾಡಕೋತ ಬಂದ್ರ, ಮತ್ತೊಬ್ಬರ ಅಂಗಡಿಗಿ ಹೋಗ್ಲೇನು?"

ಬರೆದೆವು. ಮರುದಿನ ನಲವತ್ತು ಪಾಕೀಟು ಹೈದರಾಬಾದಿನ ಬಸ್ಸಿಗೆ ಹಾಕಿ ಬಂದೆವು.