ಶ್ವಾನಗ್ರಹಿಕೆ

ನಾಯಿಯು ಸುತ್ತಲಿನ ಜಗತ್ತನ್ನು ಅರಿಯುವ, ನೆನಪಿಡುವ ಮತ್ತು ಮನುಷ್ಯರ ಸೂಚನೆಗಳನ್ನು ಗ್ರಹಿಸುವ ಮಾನಸಿಕ ಸಾಮರ್ಥ್ಯಗಳ ಒಟ್ಟು ಹೆಸರು. ಇದನ್ನು ಕುರಿತ ಸಂಶೋಧನೆ ಪ್ರಾಣಿವರ್ತನೆಯ ಅಧ್ಯಯನದ ಒಂದು ಶಾಖೆ.

ರಷ್ಯದ ವಿಜ್ಞಾನಿ ಇವಾನ್ ಪಾವ್ಲೋವ್ ಆಹಾರದ ಮುನ್ಸೂಚನೆಗೇ ನಾಯಿಯ ಬಾಯಲ್ಲಿ ಜೊಲ್ಲೂರುವುದನ್ನು ಪ್ರಯೋಗಗಳಿಂದ ವಿವರಿಸಿದ. ನಾಯಿಯನ್ನೇ ಕೇಂದ್ರವಾಗಿಟ್ಟುಕೊಂಡ ಸಂಶೋಧನೆ ಬಲಗೊಂಡದ್ದು ಬಹಳ ತಡವಾಗಿ, 1990ರ ದಶಕದಲ್ಲಿ, ಮುಖ್ಯವಾಗಿ ಹಂಗೆರಿಯ ಬುಡಾಪೆಸ್ಟ್‌ನಲ್ಲಿ.

ಮನುಷ್ಯರ ಸನ್ನೆಯನ್ನು ಓದುವುದು ನಾಯಿಯ ವಿಶೇಷ ಶಕ್ತಿ. ತಿನಿಸು ಅಡಗಿಸಿಟ್ಟ ಬಟ್ಟಲಿನತ್ತ ಬೆರಳು ತೋರಿದರೆ ಸಾಕು, ನಾಯಿ ಅದನ್ನೇ ಆರಿಸಿಕೊಳ್ಳುತ್ತದೆ. ಇದೇ ಪರೀಕ್ಷೆಯಲ್ಲಿ ಚಿಂಪಾಂಜಿಗಳು ಹಿಂದೆ ಬಿದ್ದಿವೆ. ಅಮೆರಿಕದ ಚೇಸರ್ ಎಂಬ ಬಾರ್ಡರ್ ಕಾಲಿ ಸಾವಿರಕ್ಕೂ ಹೆಚ್ಚು ಆಟಿಕೆಗಳ ಹೆಸರು ಕಲಿತಿತ್ತು. ಎಲ್ಲ ನಾಯಿಗಳೂ ಚೇಸರ್ ಅಲ್ಲ.

ಮನುಷ್ಯಭಾವವನ್ನು ನಾಯಿಗೆ ಆರೋಪಿಸುವುದು ತರಬೇತಿಯ ಸಾಮಾನ್ಯ ದೋಷ. ಕಿವಿ ಹಿಂದಕ್ಕೆ ಮಡಿಸಿ, ತಲೆ ತಗ್ಗಿಸಿ ನಿಂತ ನಾಯಿ ತಪ್ಪೊಪ್ಪಿಕೊಂಡಿದೆ ಎಂದೇ ಯಜಮಾನರು ತಿಳಿಯುತ್ತಾರೆ. ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಮುಖಭಾವ ಕಂಡದ್ದು ತಪ್ಪು ಮಾಡಿದ್ದಕ್ಕಲ್ಲ, ಬೈಗುಳಕ್ಕೆ. ನಿರಪರಾಧಿ ನಾಯಿಯೂ ಗದರಿಸಿದಾಗ ಹಾಗೆಯೇ ನಿಂತಿತು. ಮಧ್ಯಾಹ್ನ ಕಚ್ಚಿಹಾಕಿದ ಚಪ್ಪಲಿಗೆ ಸಂಜೆ ಕೊಡುವ ಶಿಕ್ಷೆ ಏನನ್ನೂ ಕಲಿಸದಿರುವುದು ಇದರಿಂದಲೇ: ನಾಯಿ ಅದನ್ನು ಹಳೆಯ ಕೃತ್ಯಕ್ಕಲ್ಲ, ಆ ಕ್ಷಣಕ್ಕೆ ಜೋಡಿಸುತ್ತದೆ.

ಆದ್ದರಿಂದ ಆಧುನಿಕ ತರಬೇತಿಯಲ್ಲಿ ಬಯಸಿದ ವರ್ತನೆಯ ಬೆನ್ನಿಗೇ ತಿನಿಸು, ಆಟ ಅಥವಾ ಮೆಚ್ಚುಗೆ ದೊರೆಯುತ್ತದೆ. ಅದೇ ಕ್ಷಣವನ್ನು ಗುರುತಿಸಲು ಕ್ಲಿಕ್ಕರ್ ಎಂಬ ಟಿಕ್ ಸದ್ದಿನ ಸಾಧನವೂ ಬಳಕೆಯಲ್ಲಿದೆ. ಮನೆಯೊಳಗೆ ಕಲಿತ ಆಜ್ಞೆ ಬೀದಿಯಲ್ಲಿ ಮರೆತಂತಾಗುವುದು ಮೊಂಡುತನವಲ್ಲ; ಕಲಿಕೆಯು ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಬಾಂಬು ಪತ್ತೆಯ ನಾಯಿಗಳನ್ನು ಬೇರೆಬೇರೆ ಸ್ಥಳಗಳಲ್ಲಿ ಮತ್ತೆಮತ್ತೆ ಪಳಗಿಸುವುದಕ್ಕೆ ಇದೂ ಒಂದು ಕಾರಣ.