ನೋಂದಣಿ ಪತ್ರದ ಹುಟ್ಟೂರಿನ ಕಾಲಂ

ಬೈಲಕುಪ್ಪೆ, ಮುಂಡಗೋಡಿನ ಶಿಬಿರಗಳ ಟಿಬೆಟನ್ ನಿರಾಶ್ರಿತರ ಬಗ್ಗೆ ಕನ್ನಡದಲ್ಲಿ ಬರೆದವರು ಅವರ ನೋಂದಣಿ ಪತ್ರವನ್ನು (ಎಲ್ಲರ ಬಾಯಲ್ಲೂ ಅದು 'ಆರ್‌ಸಿ') ಪೌರತ್ವವಿಲ್ಲ ಎನ್ನುವುದಕ್ಕೆ ಪುರಾವೆಯಾಗಿಯೇ ಓದಿದ್ದಾರೆ. ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗೆ ದುಡಿಮೆಗೆ ಬಂದ ಎರಡನೇ, ಮೂರನೇ ತಲೆಮಾರಿಗೂ ಅದೇ ತೀರ್ಪು: ಆರ್‌ಸಿ ಇದೆ, ಆದ್ದರಿಂದ ವಿದೇಶಿ. ಪತ್ರವನ್ನು ಪೂರ್ತಿ ಓದಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಪತ್ರದ ಮೂಲ 2025ರಲ್ಲಿ ರದ್ದಾದ 1939ರ ವಿದೇಶಿಯರ ನೋಂದಣಿ ಕಾಯ್ದೆ. ಅದರಲ್ಲಿ ನಿರಾಶ್ರಿತರೆಂಬ ವರ್ಗವೇ ಇರಲಿಲ್ಲ. ಹೆಸರು, ರಾಷ್ಟ್ರೀಯತೆ, ಹುಟ್ಟಿದ ದಿನ, ಹುಟ್ಟಿದ ಸ್ಥಳ ಇಷ್ಟನ್ನು ಪತ್ರ ದಾಖಲಿಸುತ್ತದೆ. ರಾಷ್ಟ್ರೀಯತೆಯ ಮುಂದೆ 'ಟಿಬೆಟನ್' ಎಂದಿರುತ್ತದೆ. ನಮ್ಮ ವಿದ್ವಾಂಸರ ಕಣ್ಣು ಅಲ್ಲೇ ನಿಂತುಬಿಡುತ್ತದೆ. ಹುಟ್ಟಿದ ಸ್ಥಳ ಬೈಲಕುಪ್ಪೆ, ವರ್ಷ 1972 ಎಂದಿದ್ದರೆ? ಪೌರತ್ವ ಕಾಯ್ದೆಯ 3(1)(ಎ) ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ರಾಜತಾಂತ್ರಿಕರ ಮಕ್ಕಳಂಥ ಕೆಲವು ಅಪವಾದ ಬಿಟ್ಟರೆ ಹೆತ್ತವರು ಯಾರೆಂದು ಕಾಯ್ದೆ ಕೇಳುವುದಿಲ್ಲ. ವಿದೇಶಿ ಎಂದು ಹೇಳಲು ಹೊರಟ ಕಾಗದವೇ ಪೌರತ್ವದ ಸಾಕ್ಷಿಯನ್ನು ಸರ್ಕಾರಿ ಮೊಹರಿನಡಿ ಹೊತ್ತುಕೊಂಡಿದೆ.

'ಅವರೇ ಟಿಬೆಟನ್ ಎಂದು ಸಹಿ ಹಾಕಿದ್ದಾರಲ್ಲ' ಎಂಬ ಆಕ್ಷೇಪ ಬರುತ್ತದೆ. ದೆಹಲಿ ಹೈಕೋರ್ಟ್ 2010ರ ಡಿಸೆಂಬರ್‌ನಲ್ಲಿ, ಭಾರತದಲ್ಲಿ ಹುಟ್ಟಿ ಪಾಸ್‌ಪೋರ್ಟ್ ಕೇಳಿದ್ದ ಟಿಬೆಟನ್ ಮಹಿಳೆ ನಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ, ಇದಕ್ಕೆ ಉತ್ತರ ಕೊಟ್ಟಿತು: ಪೌರತ್ವ ತ್ಯಜಿಸಲು ಕಾಯ್ದೆಯಲ್ಲಿ ಬೇರೆಯೇ ವಿಧಾನವಿದೆ, ವಿದೇಶ ಪ್ರಯಾಣಕ್ಕೆ ಟಿಬೆಟನ್ನರು ಪಡೆಯುವ ಗುರುತಿನ ಪತ್ರದ ಅರ್ಜಿಯಲ್ಲಿ ಬರೆದ ರಾಷ್ಟ್ರೀಯತೆ ತ್ಯಾಗವಾಗದು. ದೆಹಲಿಯ ಈ ತೀರ್ಪನ್ನು ಎಲ್ಲರೂ ಉಲ್ಲೇಖಿಸುತ್ತಾರೆ. 2013ರ ಆಗಸ್ಟ್‌ನಲ್ಲಿ ಟಿಬೆಟನ್ ಧರ್ಮಗುರು ಲಿಂಗ್ ರಿನ್ಪೋಚೆ ಅವರ ಪಾಸ್‌ಪೋರ್ಟ್ ಪ್ರಕರಣದಲ್ಲಿ ಅದೇ ದಾರಿ ಹಿಡಿದ ನಮ್ಮ ಕರ್ನಾಟಕ ಹೈಕೋರ್ಟನ್ನು ಮಾತ್ರ ಮರೆಯುತ್ತಾರೆ. ಚುನಾವಣಾ ಆಯೋಗ ಮರೆಯಲಿಲ್ಲ: 2014ರಲ್ಲಿ ಈ ಅವಧಿಯಲ್ಲಿ ಹುಟ್ಟಿದ ಟಿಬೆಟನ್ನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ನಿರಾಕರಿಸಬಾರದೆಂದು ಸೂಚಿಸಿದಾಗ ಅದು ಆಧರಿಸಿದ್ದು ಕರ್ನಾಟಕದ ಆದೇಶವನ್ನು.

1987ರ ನಂತರ ಹುಟ್ಟಿದವರಿಗೆ ಹುಟ್ಟಿನಿಂದ ಬರುವ ಈ ಪೌರತ್ವ ಅನ್ವಯಿಸದು ಎನ್ನುವುದು ಇನ್ನೊಂದು ಅರ್ಧಸತ್ಯ. 1987ರ ಜುಲೈ 1ರಿಂದ 2004ರ ಡಿಸೆಂಬರ್ 3ರ ಮುನ್ನ ಇಲ್ಲಿ ಹುಟ್ಟಿದವರಿಗೆ ಹೆತ್ತವರಲ್ಲಿ ಒಬ್ಬರು ಪೌರರಾಗಿದ್ದರೆ ಸಾಕು. 1995ರಲ್ಲಿ ಹುಟ್ಟಿ ಇಂದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಹುಡುಗನ ಹಕ್ಕು ನಿಂತಿರುವುದು ಅವನ ಆರ್‌ಸಿಯೊಂದರ ಮೇಲಲ್ಲ, ಅವನ ತಾಯಿಯ ಅಥವಾ ತಂದೆಯ ಆರ್‌ಸಿಯಲ್ಲಿ ಬರೆದಿರುವ ಹುಟ್ಟೂರಿನ ಮೇಲೆ.

ಹಾಗಾಗಿ ಟಿಬೆಟನ್ನರಿಗೆ ಪಾಸ್‌ಪೋರ್ಟ್ ಕೊಡಲು ಸರ್ಕಾರ ಹಾಕಿದ 2017ರ ಷರತ್ತುಗಳನ್ನು ಬರೀ ಆಡಳಿತದ ಕಿರಿಕಿರಿ ಎಂದು ತಳ್ಳಿಹಾಕಲಾಗದು. ಪಾಸ್‌ಪೋರ್ಟ್ ಬೇಕಾದರೆ ಶಿಬಿರದಲ್ಲಿ ವಾಸಿಸುತ್ತಿರಬಾರದು, ನಿರಾಶ್ರಿತರ ಸವಲತ್ತು ಬಿಡಬೇಕು, ಆರ್‌ಸಿ ರದ್ದು ಮಾಡಿಸಬೇಕು ಎಂದವು ಅವು. ತಾಯಿಗೆ ಜನನ ಪ್ರಮಾಣಪತ್ರ ಇಲ್ಲದ ಮನೆಗಳಲ್ಲಿ ಅವಳ ಆರ್‌ಸಿ ಒಪ್ಪಿಸುವ ಮುಂಚೆ ಹುಟ್ಟೂರಿನ ಪುಟದ ದೃಢೀಕೃತ ನಕಲನ್ನು ಮಕ್ಕಳು ತೆಗೆದಿಟ್ಟುಕೊಳ್ಳಬೇಕು.